ದಿಂಬಿನ ಗವುಸು

ಹಿತ್ತಲಿನ ತಂತಿಯಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದ ಯದುಗಿರಿ ಮತ್ತೊಮ್ಮೆ ಹುಡುಕಿದಳು. ಹೋದ ವಾರ ಒಗೆದು ಹಾಕಿದ್ದ ದಿಂಬಿನ ಗವುಸು ಎರಡು ಇವತ್ತೂ ಸಿಗಲಿಲ್ಲ. ಮದುವೆಗೆ ಮುಂಚೆ ಹಾರನಹಳ್ಳಿಯ ತವರಿನಲ್ಲಿ ಕೂತು, ಮೂಲೆಗೊಂದು ಹೂವಿನ ಕಸೂತಿ ಹಾಕಿದ್ದ ಗವುಸುಗಳು ಅವು.

"ಅತ್ತೆ, ನನ್ನ ದಿಂಬಿನ ಗವುಸು ಕಂಡ್ರಾ?"

"ಅಲ್ಲೇ ಎಲ್ಲಾದ್ರೂ ಇರತ್ತೆ, ನೋಡು," ಎಂದರು ಆಂಡಾಳಮ್ಮ, ಹೂಬತ್ತಿ ಹೊಸೆಯುತ್ತಲೇ, ಕಣ್ಣೆತ್ತದೆ.

ಆ ಉತ್ತರ ಯದುಗಿರಿಗೆ ರುಚಿಸಲಿಲ್ಲ. ಒಂದು ವಾರದಿಂದ ಸೂಜಿದಾರದ ಡಬ್ಬಿ ಗೂಡಿನಿಂದ ಮಾಯವಾಗಿ, ಸಂಜೆಗೆ ಸದ್ದಿಲ್ಲದೆ ವಾಪಸು ಬಂದಿರುತ್ತಿತ್ತು. ಮಧ್ಯಾಹ್ನ ಊಟವಾದೊಡನೆ ಅತ್ತೆ ಕೋಣೆ ಸೇರಿ ಅಗುಳಿ ಹಾಕಿಕೊಳ್ಳುತ್ತಿದ್ದರು. ಇವಳು ಬಾಗಿಲ ಹತ್ತಿರ ಹೋದರೆ ಒಳಗೆ ಕತ್ತರಿಯ ಸದ್ದು ನಿಂತುಬಿಡುತ್ತಿತ್ತು.

ಅತ್ತೆ ಯಾರಿಗೆ ಹೊಲಿಯುತ್ತಿದ್ದಾರೆಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಹಳೇಬೀಡಿನಲ್ಲಿದ್ದ ನಾದಿನಿ ವೇದವಲ್ಲಿಗೆ ಎಂಟು ತಿಂಗಳು. ಹೆರಿಗೆ ಹಾಸನದ ಆಸ್ಪತ್ರೆಯಲ್ಲಿ ಎಂದು ಗೊತ್ತಾಗಿತ್ತು. ಹುಟ್ಟುವ ಕೂಸಿಗೆ ಮೆತ್ತಗಿನ ಹಳೇ ಬಟ್ಟೆ ಬೇಕು. ಕೇಳಿದ್ದರೆ ತಾನು ಕೊಡುತ್ತಿರಲಿಲ್ಲವೆ? ಮದುವೆಯಾಗಿ ಆರು ವರ್ಷವಾದರೂ ಮಡಿಲು ತುಂಬದವಳ ಕಣ್ಣು ಕೂಸಿನ ಅಂಗಿಯ ಮೇಲೆ ಬೀಳಬಾರದು ಎಂದಿರಬೇಕು. ಹಾಗನ್ನಿಸಿದ ಮೇಲೆ ಅತ್ತೆ ಬಡಿಸಿದ ಸಾರೂ ಅವಳಿಗೆ ಸೇರಲಿಲ್ಲ.

ಮಾರನೆಯ ದಿನ, ಬೇಲೂರಿನ ಸ್ಕೂಲಿನಲ್ಲಿ ಮೇಷ್ಟರಾಗಿದ್ದ ಗಂಡ ಪಾರ್ಥಸಾರಥಿ ಮನೆಯಲ್ಲಿಲ್ಲದ ಹೊತ್ತು ನೋಡಿ, ಅವಳು ಕೋಣೆಯ ಬಾಗಿಲು ತಟ್ಟಿದಳು.

"ತೆಗೀರಿ ಅತ್ತೆ. ಅದು ನನ್ನ ಗವುಸು ಅಂತ ನಂಗೊತ್ತು."

ಬಹಳ ಹೊತ್ತಿನ ಮೇಲೆ ಅಗುಳಿ ಸರಿಯಿತು.

ಚಾಪೆಯ ಮೇಲಿದ್ದದ್ದು ಕೂಸಿನ ಅಂಗಿಯಲ್ಲ, ರವಿಕೆ. ದೊಡ್ಡ ಹೆಂಗಸಿನ ಅಳತೆಯದು. ಹೊಲಿಗೆ ಅಂಕುಡೊಂಕು. ಕಸೂತಿಯ ಹೂಗಳನ್ನು ಒಳಮಗ್ಗುಲಿಗೆ ತಿರುಗಿಸಿದ್ದರು. ಹೊರಗೆ ಬರೀ ಬಿಳುಪು.

ಗಂಡ ಹೋದ ಇಪ್ಪತ್ತೆರಡು ವರ್ಷದಿಂದ ಆಂಡಾಳಮ್ಮ ರವಿಕೆ ತೊಟ್ಟವರಲ್ಲ. ಮೈಗೂ ತಲೆಗೂ ಸೀರೆಯ ಸೆರಗೇ.

"ಆಸ್ಪತ್ರೇಲಿ ಗಂಡಸರು ಓಡಾಡ್ತಿರ್ತಾರಂತೆ," ಎಂದರು ಆಕೆ, ನೆಲ ನೋಡುತ್ತ. "ವೇದ ಜೊತೆ ಹತ್ತು ದಿನ ಅಲ್ಲಿರಬೇಕು ಕಣೇ. ಹೀಗೇ ಹ್ಯಾಗೆ ಹೋಗಲಿ? ನಿನ್ನ ಕೇಳಿದ್ರೆ ನೀನು ಗಂಡನಿಗೆ ಹೇಳ್ತಿದ್ದೆ. ಅವನು ಕೂಡದು ಅಂದ್ಬಿಟ್ರೆ ಮುಗೀತು, ನಾನು ಹೋಗೋ ಹಾಗೇ ಇಲ್ಲ."

ಆರು ವರ್ಷದಲ್ಲಿ ಅತ್ತೆ ತನಗೆ ಹೆದರಿ ಮಾತಾಡಿದ್ದು ಇದೇ ಮೊದಲು.  ಯದುಗಿರಿ ಬಗ್ಗಿ ರವಿಕೆ ಎತ್ತಿಕೊಂಡು ತಿರುಗಿಸಿ ನೋಡಿದಳು.

"ಕಂಕುಳಲ್ಲಿ ಹಿಡಿಯತ್ತೆ ಇದು. ಬಿಚ್ಚಿ ಹೊಲೀಬೇಕು. ಅಳತೆ ತಗೊಳ್ಳಲಾ? ಮಡೀಲಿದ್ದೀರಿ..."

"ಮುಟ್ಟು. ಸಂಜೆ ಸ್ನಾನ ಮಾಡ್ಕೋತೀನಿ."

ಯದುಗಿರಿ ದಾರ ಹಿಡಿದು ಆಕೆಯ ಎತ್ತಿದ ತೋಳಿಗೆ ಸುತ್ತಿದಳು.  ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

"ಅಮ್ಮ ಎಲ್ಲಿ?" ಪಾರ್ಥಸಾರಥಿಯ ದನಿ.

ಆಂಡಾಳಮ್ಮ ಸೆರಗು ಎಳೆದುಕೊಳ್ಳಹೋದರು. ಯದುಗಿರಿ ಕೈ ಬಿಡಲಿಲ್ಲ.

"ಒಳಗಿದ್ದಾರೆ. ನೀವು ಜಗಲಿ ಮೇಲೇ ಕೂತಿರಿ, ಕಾಫಿ ತರ್ತೀನಿ," ಎಂದು ಕೂಗಿ, ಕಾಲಿನಿಂದ ಬಾಗಿಲು ದೂಡಿದಳು.

 ಆಮೇಲೆ ಆಂಡಾಳಮ್ಮ ಗೋಡೆಗೆ ಮುಖ ಮಾಡಿ, ಇನ್ನೊಂದು ಕೈಯನ್ನೂ ನಿಧಾನವಾಗಿ ಮೇಲೆತ್ತಿದರು.