ಆಳದಲ್ಲಿ ನೆಟ್ಟ ಪ್ರಿಮ್‌ರೋಸ್

ಬಟಾಬಯಲಿನಲ್ಲಿಯೂ ತಲೆ ತಗ್ಗಿಸಿಕೊಂಡೇ ನಡೆಯುವುದು ಇಥೆಲ್ ಪ್ರಾಸರ್ ಅವರ ಅಭ್ಯಾಸ. ಸೊಂಟದೆತ್ತರದ ಕಲ್ಲಿದ್ದಲ ಸುರಂಗಗಳಲ್ಲಿ ಆಯುಷ್ಯವೆಲ್ಲ ಬಗ್ಗಿ ದುಡಿದ ಆ ಬೆನ್ನು ನೆಟ್ಟಗಾಗುವುದನ್ನೇ ಮರೆತಿತ್ತು. ವೇಲ್ಸಿನ ನಮ್ಮ ಕಣಿವೆಯ ಬೀದಿಯಲ್ಲಿ, ಮೇಲೆ ಮೋಡವೊಂದನ್ನು ಬಿಟ್ಟು ಬೇರೇನೂ ಇಲ್ಲದ ಕಡೆಯಲ್ಲೂ ಅವರು ಫಕ್ಕನೆ ಕತ್ತು ಬಾಗಿಸಿ, ಯಾರಿಗೂ ಕಾಣದ ಯಾವುದೋ ತೊಲೆಯಿಂದ ತಪ್ಪಿಸಿಕೊಂಡು ಮುಂದೆ ಹೋಗುತ್ತಿದ್ದರು. ಯಾರನ್ನಾದರೂ ಬೀಳ್ಕೊಡುವಾಗ ಅವರದು ಒಂದೇ ಮಾತು: "ತಲೆ ಜೋಪಾನ." ಗಣಿಯ ಕತ್ತಲೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಆ ಮಾತನ್ನು ಅವರು ಚಾಪೆಲಿನ ಪಾದ್ರಿಗಳಿಗೂ ಹೇಳುತ್ತಿದ್ದರು, ತೊಟ್ಟಿಲ ಕೂಸಿಗೂ ಹೇಳುತ್ತಿದ್ದರು. "ನನ್ ಅಂಗಡೀಲಿ ಆ ಮಾತು ನಾನ್ ಹೇಳ್ಬೇಕು ಇಥೆಲಣ್ಣ, ಕತ್ತರಿ ಇರೋದು ನನ್ ಕೈಲಿ" ಎಂದು ಕ್ಷೌರದ ವಾಟ್ ರೇಗಿಸುತ್ತಿದ್ದ. ಅವರು ನಗುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಅವರ ಎದೆಯಲ್ಲಿ ಕಲ್ಲಿದ್ದಲ ದೂಳು ಆಗಲೇ ಮನೆ ಮಾಡಿತ್ತು.

ನನ್ನ ಮನೆಗೂ ಅವರ ಮನೆಗೂ ನಡುವೆ ಇದ್ದುದು ಒಂದೇ ಗೋಡೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಒಂಟಿ ಹೆಂಗಸು. ಅವರನ್ನು ಇಥೆಲ್ ಮಾಮ ಎಂದೂ ಅವರ ಹೆಂಡತಿಯನ್ನು ಟೆಗ್ವೆನ್ ಅತ್ತೆ ಎಂದೂ ಚಿಕ್ಕಂದಿನಿಂದ ಕರೆಯುತ್ತ ಬಂದವಳು. ಗೋಡೆಯಾಚೆ ಕೆಮ್ಮು ಕೇಳಿಸುತ್ತಿತ್ತು, ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಗಂಡಹೆಂಡಿರ ಮಾತು ಮಾತ್ರ ಅಪರೂಪ.

ಅದಕ್ಕೆ ಕಾರಣ ಊರಿಗೆಲ್ಲ ಗೊತ್ತು. ಅವರ ಒಬ್ಬನೇ ಮಗ ಇಯೆಸ್ಟಿನ್ ಗಣಿಯೊಳಗೆ ಇದ್ದಾಗ ಬೆಂಕಿ ಎದ್ದಿತು. ಬೆಂಕಿಗೆ ಗಾಳಿ ಸಿಗದಂತೆ ಸುರಂಗದ ಬಾಯಿಗೆ ಇಟ್ಟಿಗೆಯ ಗೋಡೆ ಕಟ್ಟಬೇಕೆಂದು ಅಪ್ಪಣೆಯಾಯಿತು. ಒಳಗಿದ್ದವರು ಯಾರೂ ಬದುಕಿರಲಾರರು ಎಂದು ತೀರ್ಮಾನವಾಗಿತ್ತು. ಗೋಡೆ ಬೇಗ ಏಳದಿದ್ದರೆ ಪಕ್ಕದ ಸುರಂಗದವರೂ ಉಳಿಯುತ್ತಿರಲಿಲ್ಲ. ಇಟ್ಟಿಗೆ ಇಟ್ಟವರಲ್ಲಿ ಇಥೆಲ್ ಮಾಮನೂ ಒಬ್ಬರು. ಆ ಗೋಡೆಯನ್ನು ಮತ್ತೆ ಯಾರೂ ಒಡೆಯಲಿಲ್ಲ.

ಈಸ್ಟರಿಗೆ ಮುಂಚಿನ ಭಾನುವಾರ ನಮ್ಮಲ್ಲಿ ಹೂವಿನ ಭಾನುವಾರ. ಅಂದು ಪ್ರತಿ ಮನೆಯವರೂ ಚಾಪೆಲಿನ ಸ್ಮಶಾನಕ್ಕೆ ಹೋಗಿ, ಗೋರಿಯ ಕಲ್ಲುಗಳನ್ನು ತಿಕ್ಕಿ ಸುಣ್ಣ ಬಳಿದು, ತಮ್ಮ ತಮ್ಮ ಸತ್ತವರಿಗೆ ಹೂವಿಡುತ್ತಾರೆ. ತಿಕ್ಕುವುದಕ್ಕೊಂದು ಕಲ್ಲಿಲ್ಲದವರು ಅಂದು ಎಲ್ಲಿ ನಿಲ್ಲಬೇಕು? ಟೆಗ್ವೆನ್ ಅತ್ತೆ ತನ್ನ ತಾಯಿತಂದೆಯ ಗೋರಿಯ ಮುಂದೆ ನಿಲ್ಲುತ್ತಿದ್ದಳು. ಇಥೆಲ್ ಮಾಮ ಮಾತ್ರ, ಹಿಮ ಕರಗಿ ನೆಲ ಗುದ್ದಲಿಗೆ ಸಡಿಲವಾಗುತ್ತಲೇ, ಭಾನುವಾರದ ಕರಿ ಕೋಟನ್ನೇ ತೊಟ್ಟು, ಅದರ ಎರಡೂ ಜೇಬಿನಲ್ಲಿ ಒದ್ದೆ ಪಾಚಿ ಸುತ್ತಿದ ಪ್ರಿಮ್‌ರೋಸ್ ಗಿಡಗಳನ್ನಿಟ್ಟುಕೊಂಡು ಊರ ಮೇಲಿನ ಗುಡ್ಡ ಹತ್ತುತ್ತಿದ್ದರು. ಮಗ ಇರುವ ಸುರಂಗ ಯಾವ ಇಳಿಜಾರಿನ ಕೆಳಗೆ ಹಾಯುತ್ತದೆ ಎಂಬುದನ್ನು ಅದರೊಳಗೆ ತೆವಳಿದವರು ಯಾರ ಬಳಿಯೂ ಕೇಳಬೇಕಾಗಿರಲಿಲ್ಲ. ಹೂವಿನ ಭಾನುವಾರದ ಹೊತ್ತಿಗೆ ಅಲ್ಲಿ ಹೂ ನಿಂತಿರಬೇಕು ಎಂಬುದೊಂದೇ ಅವರಿಗೆ ಉಳಿದಿದ್ದ ಆಸೆ ಎಂದು ನಾವೆಲ್ಲ ತಿಳಿದಿದ್ದೆವು.

ಆದರೆ ಹೂ ಎಂದೂ ನಿಲ್ಲಲಿಲ್ಲ. ಪ್ರಿಮ್‌ರೋಸ್ ಗಟ್ಟಿ ಜೀವ. ಮಂಜು ಬಿದ್ದರೂ ಎಲೆ ಮುದುಡಿಕೊಂಡು ಕಾದಿದ್ದು, ಬಿಸಿಲು ಬಂದೊಡನೆ ಬೆಣ್ಣೆಬಣ್ಣದ ಹೂ ಬಿಚ್ಚುತ್ತದೆ. ಅದು ತಡೆಯಲಾರದ್ದು ಒಂದೇ: ಎಲೆಗಳು ಹುಟ್ಟುವ ಸುಳಿ ಮಣ್ಣಿನಡಿಗೆ ಹೋದರೆ ಕೊಳೆತುಹೋಗುತ್ತದೆ. ಇಥೆಲ್ ಮಾಮ ಮೋಟು ಹಿಡಿಯ ಗಣಿಗುದ್ದಲಿಯಿಂದ ಮೊಳಕೈ ಮುಳುಗುವಷ್ಟು ಕುಳಿ ತೋಡಿ, ಗಿಡವನ್ನು ಸುಳಿಯೂ ಮುಚ್ಚುವಂತೆ ಹೂತು ಬರುತ್ತಿದ್ದರು. ಅಗೆಯುವ ಕೈಗೆ ನೆಡುವುದು ತಿಳಿಯದು ಎಂದು ಊರು ನಗುತ್ತಿತ್ತು. ಟೆಗ್ವೆನ್ ಅತ್ತೆ ನಗುತ್ತಿರಲಿಲ್ಲ. "ಗೋಡೆ ಕಟ್ಟೋಕ್ ಬಂತು ಇವರಿಗೆ, ಒಂದ್ ಗಿಡ ನೆಡೋಕ್ ಬರಲ್ಲ" ಎಂದು ಒಮ್ಮೆ ನನ್ನೆದುರಿಗೇ ಹೇಳಿದಳು. ಇಥೆಲ್ ಮಾಮ ಸಾರಿನ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

ನಾನೂ ಬಹಳ ಕಾಲ ಊರಿನಂತೆಯೇ ತಿಳಿದಿದ್ದೆ. ಒಂದು ಫೆಬ್ರುವರಿಯಲ್ಲಿ ಒಲೆಗೆ ಕಲ್ಲಿದ್ದಲು ಕೇಳಲು ಅವರ ಹಿತ್ತಿಲಿಗೆ ಹೋದಾಗ, ಗೋಡೆಯ ಬುಡದಲ್ಲಿ ಸಾಲಾಗಿ ಪ್ರಿಮ್‌ರೋಸ್ ಕಂಡವು. ಒಂದೊಂದರ ಸುಳಿಯೂ ಮಣ್ಣಿನ ಮಟ್ಟಕ್ಕೆ ಸರಿಯಾಗಿತ್ತು. ಒಂದೊಂದೂ ಮೈತುಂಬಿಕೊಂಡು ಮೊಗ್ಗು ಕಟ್ಟಿತ್ತು. ಗುಡ್ಡಕ್ಕೆ ಹೋಗುತ್ತಿದ್ದುದು ಇವೇ. ಇಷ್ಟು ಚೆನ್ನಾಗಿ ನೆಡಲು ಬಲ್ಲವರು ಅಲ್ಲಿ ಮಾತ್ರ ಏಕೆ ತಪ್ಪುತ್ತಾರೆ? ಕೇಳಿದರೆ, "ಬಾಗಿಲು ಗಿಡ್ಡ, ತಲೆ ಜೋಪಾನ" ಎಂದು ನನ್ನನ್ನು ಸಾಗಹಾಕಿದರು.

ಆ ಸಲ ನಾನೂ ಅವರ ಹಿಂದೆ ಗುಡ್ಡ ಹತ್ತಿದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಹುಡುಕಿಕೊಳ್ಳುತ್ತ ಅವರು ಹತ್ತಿದರು. ಕುಳಿ ಆಳವಾಗುತ್ತ ಹೋದಂತೆ ತಾಳಲಾರದೆ, "ಸಾಕು ಮಾಮ, ಕೊಳ್ತು ಹೋಗುತ್ತೆ" ಎಂದೆ.

"ಗೊತ್ತು."

"ಗೊತ್ತಿದ್ದೂ ಯಾಕೆ?"

ಅವರು ಕುಳಿಯೊಳಗಿನ ಕೈಯನ್ನು ಮೇಲೆ ತೆಗೆಯದೆ ಹೇಳಿದರು: "ಮೇಲೆ ನೆಟ್ರೆ ನೋಡೋರಿಗೆ ಚೆಂದ ಕಣಮ್ಮ. ಅವನು ಎಲ್ಲಿಂದ ನೋಡ್ತಾನೆ? ಬೇರಾದ್ರೂ ಒಂದ್ ಗೇಣು ಹತ್ರ ಹೋಗ್ಲಿ."

ಕುರಿಗಳು ತಿನ್ನದಂತೆ ಸುತ್ತ ಕಲ್ಲು ಜೋಡಿಸುವುದಕ್ಕೆ ನಾನೂ ನೆರವಾದೆ. ಕೊಳೆತುಹೋಗುವ ಗಿಡಕ್ಕೆ ಕಾವಲು ಕಟ್ಟಿದೆವು.

ಮರುವರ್ಷ ಹಿಮ ಕರಗಿದಾಗ ಅವರು ಹಾಸಿಗೆ ಬಿಟ್ಟೇಳುವ ಸ್ಥಿತಿಯಲ್ಲಿರಲಿಲ್ಲ. ಕಿಟಕಿಯ ಪಕ್ಕ ದಿಂಬುಗಳಿಗೆ ಒರಗಿ, ಮಲಗಿದಲ್ಲೂ ಆಗಾಗ ಕತ್ತು ಬಾಗಿಸುತ್ತಿದ್ದರು. ನನ್ನನ್ನು ಕರೆಸಿ, "ಗಿಡ ನೀನು ತಗೊಂಡ್ಹೋಗು" ಎಂದರು. ಟೆಗ್ವೆನ್ ಅತ್ತೆ ಒಲೆಯ ಬಳಿ ಬೆನ್ನು ತಿರುಗಿಸಿ ನಿಂತಿದ್ದಳು.

"ಕುಳಿ ಎಷ್ಟು ತೋಡ್ಲಿ ಮಾಮ?" ಎಂದೆ.

ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. "ಈ ಸಲ ಮೇಲೇ ನೆಡು. ಹಿತ್ತಲಲ್ಲಿ ಇದೆಯಲ್ಲ, ಹಂಗೆ. ಮೇಲಿಂದು ನೀವ್ ನೋಡ್ಕೊಳಿ. ಕೆಳಗಿಂದು ಇನ್ನು ನಾನೇ ನೋಡ್ಕೋತೀನಿ."

ಒಲೆಯ ಬಳಿ ಸೌಟು ಬಿದ್ದ ಸದ್ದಾಯಿತು. ನಾನು ಹಿತ್ತಿಲಲ್ಲಿ ಗಿಡ ಕೀಳುತ್ತಿದ್ದಾಗ ಟೆಗ್ವೆನ್ ಅತ್ತೆ ಬಂದಳು. ಮೈಮೇಲೆ ಗಂಡನ ಕರಿ ಕೋಟು. "ಜೇಬಿಗೆ ಹಾಕು. ನಾನೂ ಬರ್ತೀನಿ" ಎಂದಳು.

ಗುಡ್ಡದ ಮೇಲೆ, ಸುಳಿಯನ್ನು ಮಣ್ಣಿನ ಮಟ್ಟಕ್ಕೆ ಹಿಡಿದು, ಸುತ್ತ ಹೆಬ್ಬೆರಳಿನಿಂದ ಒತ್ತುತ್ತ ಅವಳು ತನಗೆ ತಾನೇ ಎಂಬಂತೆ ಹೇಳಿದಳು: "ಗೋಡೆ ಕಟ್ಟುವಾಗ ಒಳಗಿಂದ ಏನಾದ್ರೂ ಕೇಳಿಸ್ತಾ ಅಂತ ಕೇಳಿದ್ದೆ. ಇಲ್ಲ ಅಂದ್ರು. ನಾನ್ ನಂಬ್ಲಿಲ್ಲ."

"ಈಗ?"

"ಈಗೇನೇ, ಈಗ! ಉಸಿರಾಡೋಕೇ ಆಗದವರ ಹತ್ರ ಮತ್ತೆ ಕೇಳ್ಲಾ?"

ಮನೆಗೆ ಬಂದು ಅವಳು ಹಾಸಿಗೆಯ ಅಂಚಿನಲ್ಲಿ ಕೂತು, "ಮೇಲೇ ನೆಟ್ಟು ಬಂದ್ವಿ" ಎಂದಷ್ಟೇ ಹೇಳಿದಳು. ಅವರು ಅವಳ ಉಗುರುಗಳಲ್ಲಿದ್ದ ಮಣ್ಣನ್ನು ನೋಡುತ್ತಿದ್ದರು. ಅದೇ ವಾರ ತೀರಿಕೊಂಡರು. ಹೂವಿನ ಭಾನುವಾರದಂದು ಆ ಇಳಿಜಾರಿನಲ್ಲಿ ಮೊದಲ ಬಾರಿಗೆ ಪ್ರಿಮ್‌ರೋಸ್ ಅರಳಿ ನಿಂತಿತ್ತು. ಅದನ್ನು ಕಾಣಬೇಕಾದವರು ಕೆಳಗೆ ಚಾಪೆಲಿನ ಹಸಿಮಣ್ಣಿನಲ್ಲಿದ್ದರು.

ಇಥೆಲ್ ಮಾಮನಂಥವರು ನಮ್ಮ ಕಣಿವೆಯಲ್ಲಿ ಮನೆಗೊಬ್ಬರು ಸಿಗುತ್ತಾರೆ. ಅವರ ತಪ್ಪನ್ನು ಊರೆಲ್ಲ ಎತ್ತಿ ಆಡುತ್ತದೆ, ಅವರು ತಿದ್ದಿಕೊಳ್ಳುವುದಿಲ್ಲ. ಏಕೆಂದರೆ ಅದು ಅವರಿಗೆ ತಪ್ಪಲ್ಲ, ಹೋದವರನ್ನು ಮುಟ್ಟಲು ಕೈಯಳತೆಯಲ್ಲಿ ಉಳಿದಿರುವ ಕಟ್ಟಕಡೆಯ ದಾರಿ. ಅವರಿಗೆ ಸರಿಯಾದುದು ಯಾವುದೆಂದು ಹೇಳಿಕೊಡಲು ಹೋಗುವ ನಾವು, ಅವರು ಹೋದ ಮೇಲೆ ಸರಿಯಾಗಿಯೇ ನೆಡುತ್ತೇವೆ. ಹೂವೂ ಚೆನ್ನಾಗಿಯೇ ಅರಳುತ್ತದೆ. ಅದರ ಮುಂದೆ ನಿಂತಾಗ ನಮಗೆ ತಲೆಯೆತ್ತುವುದಕ್ಕೆ ಆಗುವುದಿಲ್ಲ.