ವಸ್ತ್ರದ ನಂತರ ಸ್ನಾನ

"ಸರ್, ನಂದೂ ಸ್ನಾನದಲ್ಲೇ ನಿಂತೋಯ್ತು," ಎಂದಳು ಕಿಟಕಿ ಪಕ್ಕದ ಉಮ್ಮೆ ಕುಲ್ಸುಂ.

"ಕಾವೇರಿ ನೀರು ಬಿಟ್ಟಿಲ್ಲ ಅನ್ಸತ್ತೆ. ಟ್ಯಾಂಕರ್ ಕರೀರಿ ಸರ್," ಎಂದ ಹಿಂದಿನ ಸಾಲಿನ ಸೂರ್ಯ. ತರಗತಿಯೆಲ್ಲ ನಕ್ಕಿತು. ಪಾಠ ಹೇಳುವ ಗುರುರಾಜರು ಮಾತ್ರ ಕನ್ನಡಕ ಒರೆಸಿಕೊಂಡು ಮತ್ತೆ ಅವಳ ಪರದೆಯ ಮೇಲೆ ಬಗ್ಗಿದರು. ಆವಾಹನ ಆಯಿತು, ಆಸನ ಆಯಿತು, ಪಾದ್ಯ, ಅರ್ಘ್ಯ, ಆಚಮನ ಎಲ್ಲವೂ ಆಗಿದ್ದವು. ಸ್ನಾನ ಎಂಬ ಸಾಲಿನ ಕೆಳಗೆ ಕೆಂಪಕ್ಷರ: ಸಂಪರ್ಕ ಸಿಗುತ್ತಿಲ್ಲ.

ಹಲಸೂರಿನ ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಉಚಿತ ಕಂಪ್ಯೂಟರ್ ತರಗತಿ ಅದು. ಶಿವಾಜಿನಗರದಿಂದ ಹಿಡಿದು ಕೆ.ಆರ್. ಪುರದವರೆಗಿನ ಹುಡುಗ ಹುಡುಗಿಯರು ಬರುತ್ತಿದ್ದರು. ಪ್ರತಿಯೊಬ್ಬರ ಕಂಪ್ಯೂಟರಿನೊಳಗೂ ಸಾಫ್ಟ್‌ವೇರಿನಲ್ಲೇ ಇನ್ನೊಂದು ಕಂಪ್ಯೂಟರನ್ನು ಕಟ್ಟಿಕೊಡುವುದು ಅಲ್ಲಿನ ಪದ್ಧತಿ. ಅದರೊಳಗೆ ಮಕ್ಕಳು ಏನು ಕೆಡಿಸಿದರೂ ಹೊರಗಿನದಕ್ಕೆ ಧಕ್ಕೆಯಿಲ್ಲ. ಕೆಟ್ಟರೆ ಅಳಿಸಿ ಮತ್ತೆ ಕಟ್ಟುವುದು. ಆ ಕಟ್ಟುವ ಕೆಲಸವನ್ನೆಲ್ಲ ತಾನೇ ಮಾಡುವ ಸ್ಕ್ರಿಪ್ಟನ್ನು, ಎಂದರೆ ಸಾಲುಸಾಲು ಆಜ್ಞೆಗಳ ಪಟ್ಟಿಯನ್ನು, ಬರೆದವರು ಶ್ರೀಹರಿ. ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಗುರುರಾಜರ ಪಕ್ಕದ ಮೇಜಿನಲ್ಲಿ ಕೂತು ನಿವೃತ್ತರಾದವರು. ದಿನಾ ಪೂಜೆ ಮಾಡದೆ ತಿಂಡಿ ಮುಟ್ಟದ ಆ ಮನುಷ್ಯ ಸ್ಕ್ರಿಪ್ಟಿನ ಹಂತಗಳಿಗೂ ಪೂಜೆಯ ಉಪಚಾರಗಳದೇ ಹೆಸರಿಟ್ಟಿದ್ದರು. ಹಂತ ಮುಗಿದಂತೆ ಹೆಸರು ಪರದೆಯ ಮೇಲೆ ಮೂಡುತ್ತಿತ್ತು.

ಶ್ರೀಹರಿ ಮಾಘದಲ್ಲಿ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ಒಳಯಂತ್ರಗಳು ಅವರು ಕಟ್ಟಿಕೊಟ್ಟು ಹೋದಂತೆಯೇ ನಡೆದುಕೊಂಡು ಬಂದವು. ಇಂದು ಹೊಸ ತಂಡದ ಮೊದಲ ದಿನ; ಒಬ್ಬರದೂ ಏಳುತ್ತಿಲ್ಲ.

ಇಂದಿರಾನಗರದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತ, ಶನಿವಾರ ಇಲ್ಲಿ ಪಾಠ ಹೇಳಲು ಬರುವ ಜಯಂತ್ ಗುರುರಾಜರನ್ನು ಬಾಗಿಲ ಬಳಿಗೆ ಕರೆದ. ಅವನೂ ಶ್ರೀಹರಿಯವರ ಕೈಯಲ್ಲೇ ಕಲಿತವನು.

"ಸರ್, ಬೇಜಾರ್ ಮಾಡ್ಕೋಬೇಡಿ. ರೆಡಿಮೇಡ್ ಸಿಗತ್ತೆ, ಪೆನ್‌ಡ್ರೈವಲ್ಲಿ ತಂದಿದೀನಿ. ಇದನ್ನ ತೆಗೆದು ಅದನ್ನ ಹಾಕ್ಬಿಡ್ತೀನಿ. ಇವತ್ತೇ ಮಷೀನ್ ಸಿಗ್ಲಿಲ್ಲ ಅಂದ್ರೆ ಮುಂದಿನ ವಾರ ಅರ್ಧ ಜನ ಬರಲ್ಲ."

"ಹರಿ ಬರೆದಿದ್ದು ಕಣಪ್ಪ."

"ನಂಗೂ ಗೊತ್ತು ಸರ್. ಹರಿ ಸರ್ ಇದ್ದಿದ್ರೆ ಅವ್ರೇ ತೆಗೀರಿ ಅಂತಿದ್ರು."

ಆ ಮಾತು ನಿಜವೇ. ಆದರೆ ಶ್ರೀಹರಿ ಇಲ್ಲವಲ್ಲ. ಅವರ ಪಂಚೆ, ಶಾಲುಗಳು ದಾನವಾಗಿ ಹೋಗಿದ್ದವು. ಈ ಊರಿನಲ್ಲಿ ಅವರ ದನಿಯಲ್ಲಿ ಮಾತನಾಡುವುದು ಇನ್ನು ಈ ಸ್ಕ್ರಿಪ್ಟೊಂದೇ ಎಂದು ಗುರುರಾಜರಿಗೆ ಅನ್ನಿಸಿತ್ತು. "ಮಧ್ಯಾಹ್ನ ಊಟದವರೆಗೆ ಟೈಮ್ ಕೊಡು," ಎಂದರು.

ಹೊರಗಿನ ಕೋಣೆಯಲ್ಲಿ ಶ್ರೀಹರಿಯವರ ಹೆಂಡತಿ ಅಲಮೇಲು ಹೊಸಬರ ಹೆಸರು ಬರೆದುಕೊಳ್ಳುತ್ತಿದ್ದರು. ವಿಮಾ ಕಚೇರಿಯಲ್ಲಿ ದುಡಿದ ಕೈ, ಅಕ್ಷರ ಈಗಲೂ ಅಚ್ಚುಕಟ್ಟು. ಗಂಡ ಹೋದ ಮೇಲೆ ಕೆಲಸಕ್ಕೆ ಬಂದರೇ ಹೊರತು ತರಗತಿಯ ಒಳಕ್ಕೆ ಒಂದು ದಿನವೂ ಕಾಲಿಟ್ಟಿರಲಿಲ್ಲ.

"ಯಾಕೋ ಗುರುರಾಜ, ಮುಖ ಹಿಂಗ್ ಮಾಡ್ಕೊಂಡಿದೀಯ?"

"ಮಷೀನ್ ಏಳ್ತಿಲ್ಲ ಅತ್ತಿಗೆ. ಸ್ನಾನದಲ್ಲಿ ನಿಲ್ತಿದೆ. ಜಯಂತ ಬೇರೇದು ಹಾಕ್ತಾನಂತೆ."

"ಇವರದ್ದು ತೆಗೆದಾ?"

"ಹೂಂ."

ಅಲಮೇಲು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕಾಫಿ ಬಗ್ಗಿಸಿ ಅವರ ಮುಂದಿಟ್ಟರು. "ಸ್ನಾನದಲ್ಲೇ ನಿಂತಿದ್ಯಾ! ಶ್ರೀರಂಗಪಟ್ಟಣದಲ್ಲಿ ಇವ್ರು ನಿಂಗೆ ಬೈದಿದ್ದು ನೆನಪಿದ್ಯಾ? ನೀನು ಚಡ್ಡೀಲಿ ದಬಕ್ ಅಂತ ನದಿಗೆ ಹಾರ್ದೆ. ಅವ್ರು ಮೆಟ್ಟಿಲ ಮೇಲೆ ನಿಂತು ಪಂಚೆ ಬಿಗಿದು ಕಟ್ಕೊಂಡೇ ಇದಾರೆ, ಕಟ್ಕೊಂಡೇ ಇದಾರೆ. 'ಮನೆ ಬಚ್ಚಲಲ್ಲಿ ಹೇಗಾದ್ರೂ ಇರು, ಹೊರಗಿನ ನೀರಿಗೆ ಇಳಿಯೋ ಮುಂಚೆ ಮೈಮೇಲೆ ಬಟ್ಟೆ ಇರ್ಬೇಕು' ಅಂತ ರೇಗಿದ್ರು."

ಗುರುರಾಜರ ಕೈಯ ಲೋಟ ತುಟಿಯ ಹತ್ತಿರವೇ ನಿಂತಿತು.

ಶ್ರೀಹರಿಯವರ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ, ಗೆಳೆಯನ ಬರವಣಿಗೆಯನ್ನಾದರೂ ನೋಡೋಣವೆಂದು ಅವರು ಮನೆಯಲ್ಲಿ ಆ ಸ್ಕ್ರಿಪ್ಟನ್ನು ತೆರೆದಿದ್ದರು. ಅದರಲ್ಲಿ ವಸ್ತ್ರ ಮೊದಲಿತ್ತು, ಸ್ನಾನ ಆಮೇಲಿತ್ತು. ಯಾವ ಪೂಜೆಯಲ್ಲಿ ಹೀಗುಂಟು? ಕಡೆಗಾಲದಲ್ಲಿ ಹರಿಗೂ ಮರೆವು ಬಂದಿತ್ತೇನೋ ಎಂದು ಕಣ್ಣು ತುಂಬಿ ಬಂತು. ಮಿತ್ರನ ಲೋಪವನ್ನು ನಾಳೆ ನಾಲ್ಕು ಜನ ನೋಡಬಾರದೆಂದು ಎರಡನ್ನೂ ಅದಲುಬದಲು ಮಾಡಿದ್ದರು. ಮನೆಯಲ್ಲೇ ನಡೆಸಿ ನೋಡಿದರು. ಮಂಗಳಾರತಿಯವರೆಗೂ ಸುಸೂತ್ರವಾಗಿ ಹೋಗಿತ್ತು. ಕೈಮುಗಿದು ಎದ್ದು, ತಿದ್ದಿದ್ದನ್ನೇ ತರಗತಿಗೂ ತಂದು ಹಾಕಿದ್ದರು.

ಮನೆಯಲ್ಲಿ ಇಂಟರ್‌ನೆಟ್ಟು ನೇರ. ಇಲ್ಲಿ ಹಾಗಲ್ಲ. ಟ್ರಸ್ಟಿನವರ ಕಾವಲು ಯಂತ್ರವೊಂದನ್ನು ದಾಟಿಯೇ ಹೊರಗೆ ಹೋಗಬೇಕು. ಆ ಕಾವಲಿನ ವಿಳಾಸವನ್ನು ಒಳಯಂತ್ರಕ್ಕೆ ತೊಡಿಸುವ ಹಂತವೇ ವಸ್ತ್ರ. ಹೊರಗಿನಿಂದ ಹೊಸ ಸಾಮಗ್ರಿ ತರುವ ಹಂತ ಸ್ನಾನ.

ಅವರು ಕಾಫಿ ಹಾಗೇ ಇಟ್ಟು ಒಳಗೆ ಹೋಗಿ ಎರಡು ಸಾಲುಗಳನ್ನು ಇದ್ದಲ್ಲಿಗೆ ಸರಿಸಿದರು. ಪಕ್ಕದಲ್ಲಿ ನಿಂತ ಜಯಂತನಿಗೆ, "ಹರಿ ತಪ್ಪು ಮಾಡಿದಾನೆ ಅಂದ್ಕೊಂಡು ನಾನೇ ತಿದ್ದಿದ್ದೆ ಕಣಯ್ಯ," ಎಂದರು.

"ತಿದ್ದಿ ಟೆಸ್ಟ್ ಮಾಡ್ಲಿಲ್ವಾ ಸರ್?"

"ಮಾಡ್ದೆ. ನಮ್ಮನೇಲಿ ಚೆನ್ನಾಗೇ ಓಡ್ತು."

"ನಮ್ ಆಫೀಸಲ್ಲೂ ದಿನಾ ಇದೇ ಡೈಲಾಗ್ ಸರ್," ಎಂದು ಜಯಂತ್ ನಕ್ಕುಬಿಟ್ಟ. ಪೆನ್‌ಡ್ರೈವನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಿದ್ದ.

ಎಲ್ಲರೂ ಮತ್ತೊಮ್ಮೆ ಶುರು ಮಾಡಿದರು. ಆಚಮನ ಆಯಿತು. ವಸ್ತ್ರ ಆಯಿತು. ಸ್ನಾನ ಎಂಬಲ್ಲಿ ಪರದೆಗಳು ಕ್ಷಣ ತಡೆದು, ಮಳೆ ಹೊಯ್ದಂತೆ ಸಾಲುಗಳನ್ನು ಸುರಿಸತೊಡಗಿದವು. "ನೀರ್ ಬಂತು!" ಎಂದು ಸೂರ್ಯ ಕೂಗಿದ. ಗಂಧ, ಪುಷ್ಪ, ಧೂಪ, ದೀಪ ಒಂದರ ಹಿಂದೊಂದು ಬಂದವು. ನೈವೇದ್ಯ ಎಂದು ಬರುತ್ತಲೇ ಒಂದೊಂದೇ ಪರದೆ ಪೂರ್ತಿ ಕಪ್ಪಾಯಿತು.

"ಸರ್, ಮತ್ತೆ ಹೋಯ್ತು," ಎಂದು ಜಯಂತ್ ಮುಂದೆ ಬಂದ.

"ಹೋಗಿಲ್ಲ. ದೇವಸ್ಥಾನದಲ್ಲಿ ಹಾಕೋ ಹಾಗೆ ಹರಿ ನೈವೇದ್ಯಕ್ಕೆ ತೆರೆ ಹಾಕಿದಾನೆ. ದೊಡ್ಡ ಫೈಲು, ಬಿಚ್ಚೋಕೆ ಟೈಮ್ ಹಿಡಿಯತ್ತೆ. ಯಾರೂ ಏನೂ ಮುಟ್ಬೇಡಿ."

ಯಾರೂ ಮುಟ್ಟಲಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಹಿತ್ತಾಳೆ ಕೊಳಗವನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ಅದೇಕೆ ಇಷ್ಟು ಮೌನವಾಯಿತೆಂದು ನೋಡಲು ಬಂದ ಅಲಮೇಲು, ಮರೆತುಹೋದ ಕಾಫಿ ಲೋಟವನ್ನು ಕೈಯಲ್ಲಿ ಹಿಡಿದು ಹೊಸ್ತಿಲ ಆಚೆಯೇ ನಿಂತರು. ಕಿಟಕಿ ಪಕ್ಕದ ಪರದೆ ಎಲ್ಲಕ್ಕಿಂತ ಮೊದಲು ಮಂಗಳಾರತಿ ಎಂದು ಬೆಳಗಿತು. ಉಮ್ಮೆ ಕುಲ್ಸುಂ ಬಾಗಿಲ ಕಡೆ ನೋಡಿ, ತನ್ನ ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡಳು. ಅಲಮೇಲು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.