ಫ್ರಾನ್ಸಿನ ಆಕಳ ವಿಭೂತಿ

ಇದನ್ನು ಹೇಳುವಷ್ಟು ತಿಳಿವಳಿಕೆ ನನಗಿಲ್ಲ, ಕ್ಷಮಿಸಬೇಕು. ಆದೋನಿಯ ಹತ್ತಿ ಮಿಲ್ಲಿನಲ್ಲಿ ದುಡಿಯುತ್ತ ಸಂಜೆ ಕಾಲೇಜಿನಲ್ಲಿ ಒಂದಿಷ್ಟು ಇಂಗ್ಲಿಷ್ ಕಲಿತವನು ನಾನು, ಕೊಟ್ರ. ಆ ಇಂಗ್ಲಿಷನ್ನು ನಂಬಿಯೇ ನಾಗಲದಿನ್ನೆಯ ನನ್ನ ಸೋದರತ್ತೆ ಅಂಬಮ್ಮ ಹಟ ಹಿಡಿದಳು.

ಅವಳ ಅಜ್ಜ ರೇವಣಸಿದ್ದಯ್ಯ ಮೊದಲ ಮಹಾಯುದ್ಧದಲ್ಲಿ ದಂಡಿನ ಹೇಸರಗತ್ತೆ ಕಾಯಲು ಹೋಗಿ ಫ್ರಾನ್ಸಿನಲ್ಲಿ ತೀರಿಕೊಂಡ. ಅಲ್ಲಿನ ಒಂದು ಸಣ್ಣ ಹಳ್ಳಿಯ ಪಕ್ಕದ ಸೈನಿಕರ ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲಿದೆ ಎಂದು ಅಂತರಜಾಲದಲ್ಲಿ ಹುಡುಕಿ ಹೇಳಿದವನು ನಾನೇ. ನಮ್ಮಲ್ಲಿ ಸತ್ತವರಿಗೆ ವಿಭೂತಿ ಹಚ್ಚಿ, ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು ಹೂಳುತ್ತಾರೆ.

"ನಾ ಸಾಯೂದ್ರಾಗ ಅಜ್ಜಗ ವಿಭೂತಿ ಮುಟ್ಟಬೇಕು," ಎಂದಳು ಅತ್ತೆ.

ಕೊರಿಯರ್ ಅಂಗಡಿಯ ಉದಯಕುಮಾರ್ ನಾನೊಯ್ದ ವಿಭೂತಿಯ ಪೊಟ್ಟಣ ಬಿಚ್ಚಿ ನೋಡಿ ಕೈ ಮುಗಿದ. "ಬಿಳಿ ಪುಡಿ ಫಾರಿನ್‌ಗೆ ಕಳಿಸಿದ್ರ ನನ್ನ ಒಳಗ ಹಾಕ್ತಾರ. ವದ್ದಣ್ಣಾ, ವದ್ದು!" ಎಂದು ತೆಲುಗಿನಲ್ಲೂ ಬೇಡವೆಂದ.

ನಾನು ಸೋತು ಬಂದೆ. ಅತ್ತೆ ಸೋಲಲಿಲ್ಲ.

"ಆ ಊರಾಗ ಆಕಳಾ ಇಲ್ಲೇನು, ಕೊಟ್ರಾ?"

ಇದ್ದವು. ಆ ಹಳ್ಳಿಯ ಕಚೇರಿಗೆ ನಾನು ಮೇಲ್ ಬರೆದಾಗ ಕಲ್ಲಿನ ಫೋಟೋ ಕಳಿಸಿದ್ದ ಸಿಲ್ವಿ ಎಂಬ ಹೆಂಗಸು ದನ ಸಾಕುವವಳೇ. ವಿಡಿಯೋ ಕಾಲ್‌ನಲ್ಲಿ, ವಿಭೂತಿ ಸುಡಲು ಬೇಕಾದ ಸಗಣಿಯ ಮಾತೆತ್ತಲು ತಡವರಿಸಿದೆ.

"ಸಗಣಿ ಅನ್ನಾಕ ನಾಚಿಕಿ ಬರ್ತೈತೇನಲೇ? ಕೇಳು!"

ಕೇಳಿದೆ. ಸಿಲ್ವಿ ಜೋರಾಗಿ ನಕ್ಕು, ಸಗಣಿ ಮೆತ್ತಿದ ತನ್ನ ಬೂಟು ಎತ್ತಿ ತೋರಿಸಿದಳು. ಆದರೆ ಕಲ್ಲಿಗೆ ಏನೂ ಹಚ್ಚುವಂತಿಲ್ಲ ಎಂದಳು.

"ಕಲ್ಲಿಗ್ಯಾರು ಹಚ್ಚಂದ್ರು? ಅಜ್ಜ ಮಣ್ಣಾಗ ಅದಾನ. ಮಣ್ಣಿಗೆ ಹಚ್ಚಲಿ."

ಅಲ್ಲಿ ಬಿಡದ ಮಳೆ, ಬೆರಣಿ ಒಣಗಲೊಲ್ಲದು. ಅತ್ತೆ ದಿನಾ ನನ್ನಿಂದ ಫೋನ್ ಹಚ್ಚಿಸಿ ವಿಚಾರಿಸಿದಳು. ಕೊನೆಗೆ ಸಿಲ್ವಿ ಒಲೆಯ ಪಕ್ಕ ಒಣಗಿಸಿ, ಸುಟ್ಟು, ಬೂದಿ ತೋರಿಸಿದಳು.

"ಕರ್ರಗೈತಲ್ಲ ಅತ್ತಿ," ಎಂದೆ.

"ಅಜ್ಜನೂ ಕರ್ರಗೇ ಇದ್ನಂತ. ಹಚ್ಚಾಕ ಹೇಳು."

ಮರುದಿನ ಸ್ಮಶಾನದಲ್ಲಿ ಸಿಲ್ವಿ ಕಲ್ಲಿನ ಬುಡದ ಹುಲ್ಲು ಸರಿಸಿದಳು. ಅತ್ತೆ ಇಲ್ಲಿ ಫೋನಿನ ಮುಂದೆ ಗಾಳಿಯಲ್ಲಿ ಮೂರು ಬೆರಳು ಎಳೆದಳು. ಸಿಲ್ವಿ ಅಲ್ಲಿ ಹಸಿ ಮಣ್ಣಿನ ಮೇಲೆ ಹಾಗೆಯೇ ಎಳೆದಳು.

"ಉಳಿದದ್ದು ಆಕಿ ಹಣಿಗೆ ಹಚ್ಕೊಳ್ಳಲಿ," ಎಂದಳು ಅತ್ತೆ. ಸಿಲ್ವಿ ಹಚ್ಚಿಕೊಂಡಳು.

ಆಮೇಲೆ ಅತ್ತೆ ಇನ್ನೊಂದು ಕೇಳಿದಳು: ಅಜ್ಜನನ್ನು ಕೂಡಿಸಿ ಹೂತರೋ, ಮಲಗಿಸಿ ಹೂತರೋ? ಅಂಗೈಯಲ್ಲಿ ಲಿಂಗ ಇತ್ತೋ, ಇಲ್ಲವೋ? ಸಿಲ್ವಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ.